ಕೈಲಿದ್ದದ್ದನ್ನು ಕೆಳಗಿಡುವಷ್ಟು ಹೊತ್ತು

ಕಗೋಲಾ ದಡ
27 ಫೆಬ್ರವರಿ

ಒಬುರಾ,

ನಿನ್ನ ದನಿಯನ್ನು ಇನ್ನೆಂದೂ ಕೇಳಿಸಿಕೊಳ್ಳುವುದಿಲ್ಲ ಎಂದು ಅಪ್ಪನನ್ನು ಹೂಳಿದ ಗುಂಡಿಯ ಪಕ್ಕ ನಿಂತು ಎಲ್ಲರೆದುರು ಹೇಳಿದ್ದೇನೆ. ಆ ಮಾತಿಗೆ ತಪ್ಪುವುದಿಲ್ಲ, ಫೋನ್ ಮಾಡಬೇಡ. ಕಾಗದಕ್ಕೆ ದನಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಕುರು ಬಸ್ಸಿನ ಡ್ರೈವರನ ಕೈಯಲ್ಲಿ ಕೊಡುತ್ತೇನೆ. ಉತ್ತರ ಕೊಡುವ ಮುಖವಿದ್ದರೆ ಅವನ ಕೈಯಲ್ಲೇ ಕಳಿಸು.

ಕೇಳಬೇಕಾದದ್ದು ಒಂದೇ. ಅಪ್ಪನ ಸಾವಿನ ಸುದ್ದಿಯನ್ನು ರೇಡಿಯೋ ಕೇಂದ್ರದಲ್ಲಿ ಓದಿದವಳು ನಾನು. ಊರಿನ ಸಾವುಗಳನ್ನೆಲ್ಲ ಓದುವುದು ನನ್ನ ಕೆಲಸ, ಅಪ್ಪನದನ್ನು ಬೇರೆಯವರ ಬಾಯಿಗೆ ಕೊಡಲು ಮನಸ್ಸಾಗಲಿಲ್ಲ. ನಡುನಡುವೆ ಅಳು ಬಂದು ನಿಲ್ಲಿಸಿ, ಮತ್ತೆ ಮೊದಲಿಂದ ಓದಿ ಮುಗಿಸಿದೆ. “ರೊಸಾಲಿಯಾ ಮತ್ತು ಪೆರಿಸ್ ತಮ್ಮ ಗಂಡ ಒಂಗೋರೊ ತೀರಿಕೊಂಡರೆಂದು ತಿಳಿಸುತ್ತಾರೆ” ಎಂದೇ ಶುರು ಮಾಡಿದ್ದು. ಹಾಗೆ ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರಿಗೆ ಹಾಕಿದವನು ನೀನು. ಅದೇ ವಾರ ನಕುರುವಿನಿಂದ ಹೊಸ ಕಂಪ್ಯೂಟರ್ ತಂದು, ಅದರೊಳಗೆ ನಿನ್ನ ಪ್ರೀತಿಯ ಲಿನಕ್ಸ್ ತುಂಬಿ, “ಇನ್ನು ನಿಮ್ ಸ್ಟೇಷನ್ನಿಗೆ ಯಾವ ಕಾಯಿಲೆನೂ ಇಲ್ಲ ಬಿಡು” ಎಂದು ಎದೆ ತಟ್ಟಿಕೊಂಡವನೂ ನೀನೇ. ಮಧ್ಯಾಹ್ನ ರೇಡಿಯೋದಲ್ಲಿ ಸಾವಿನ ಡೋಲು ಬಡಿದು ನಿಂತಿತು. ಆಮೇಲೆ ಸರೋವರದ ದಡದೂರುಗಳೆಲ್ಲ ಕೇಳಿದ್ದು “ಪೆರಿಸ್ ತಮ್ಮ ಗಂಡ ಒಂಗೋರೊ” ಎಂದು. ನನ್ನಮ್ಮನ ಹೆಸರು ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ, ನಿನ್ನನ್ನು ಹೆತ್ತವಳದೇ ಮೊದಲಾಯಿತು.

ಅಂಗಳದ ತುಂಬ ಜನವಿದ್ದರು. ಒಚೊಲಾ ಚಿಕ್ಕಪ್ಪ ಎದ್ದು ನಿಂತು ಏನೆಂದ, ನೀನೂ ಕೇಳಿದೆ. “ಕೇಳುದ್ರೇನ್ರೋ? ಈ ಮನೇಲಿ ಯಾರು ಮೊದ್ಲು ಅಂತ ರೇಡಿಯೋನೇ ಹೇಳ್ಬಿಡ್ತು.” ಅಮ್ಮ ಅಷ್ಟಕ್ಕೆ ಅಳು ನಿಲ್ಲಿಸಿದಳು. ಗಂಡನ ಹೆಣದ ತಲೆದೆಸೆಯಲ್ಲಿ ಕೂತ ಮೊದಲ ಹೆಂಡತಿ ಅಳು ನಿಲ್ಲಿಸಿದರೆ ತಾನಿನ್ನು ಈ ಮನೆಯವಳಲ್ಲ ಎಂದು ಅರ್ಥ, ಅದನ್ನು ನಿನಗೆ ನಾನು ಹೇಳಿಕೊಡಬೇಕಿಲ್ಲ.

ಆ ಹೆಸರನ್ನು ಕತ್ತರಿಸಿದವನು ನೀನೇ ತಾನೆ?

ರೊಸಾಲಿಯಾಳ ಮಗಳು,
ಅಪೊಂಡಿ


ನಕುರು
6 ಮಾರ್ಚ್

ಪ್ರೀತಿಯ ಅಕ್ಕ,

ಅಲ್ಲ. ನಾನಲ್ಲ.

ಇಷ್ಟೇ ಬರೆದು ಮಡಚಿ ಕಳಿಸಬೇಕೆಂದಿದ್ದೆ. ಆದರೆ ನೀನು “ರೊಸಾಲಿಯಾಳ ಮಗಳು” ಎಂದು ಸಹಿ ಹಾಕಿದ್ದು ನೋಡಿ ಹೊಟ್ಟೆ ಉರಿಯಿತು. ನಾನು ಯಾರ ಬೆನ್ನಿನ ಮೇಲೆ ಬೆಳೆದೆ? ನನ್ನಮ್ಮ ಮೀನು ಮಾರಲು ಪೇಟೆಗೆ ಹೋದಾಗ ನನ್ನನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊಲ ಅಗೆದವರು ಯಾರು? ದೊಡ್ಡಮ್ಮನ ಹೊಟ್ಟೆಯಲ್ಲಿ ಗಂಡು ಹುಟ್ಟಲಿಲ್ಲ ಎಂದು ಯಾರಾದರೂ ಆಡಿಕೊಂಡರೆ, “ಯಾಕಿಲ್ಲ? ಇಗೋ, ಇಲ್ಲಿ ನನ್ ಬೆನ್ನ ಮೇಲೆ ಉಚ್ಚೆ ಹೊಯ್ತಾವ್ನಲ್ಲ” ಎನ್ನುತ್ತಿದ್ದರು. ಅವರ ಹೆಸರನ್ನು ನಾನು ಕತ್ತರಿಸುತ್ತೇನೆಯೇ?

ಸಿಟ್ಟು ಬದಿಗಿಟ್ಟು ಒಂದು ಕೆಲಸ ಮಾಡು. ನೀನು ಓದಿದ ಫೈಲು ಕಂಪ್ಯೂಟರಿನಲ್ಲಿ ಹಾಗೇ ಇದೆ. ಅದೊಂದನ್ನೇ ಹಾಕಿ ಕೇಳು. ದೊಡ್ಡಮ್ಮನ ಹೆಸರು ಅದರಲ್ಲಿದ್ದರೆ ಕಳ್ಳ ನಾನಲ್ಲ, ಯಂತ್ರ. ಯಂತ್ರದ ಕಳ್ಳತನ ಹಿಡಿಯುವುದು ನನ್ನ ಹೊಟ್ಟೆಪಾಡು, ಇಲ್ಲಿ ಅಂಗಡಿಯಲ್ಲಿ ದಿನವಿಡೀ ಮಾಡುವುದು ಅದನ್ನೇ.

ನಿನ್ನ ತಮ್ಮ,
ಒಬುರಾ


ಕಗೋಲಾ ದಡ
19 ಮಾರ್ಚ್

ಒಬುರಾ,

ಕೇಳಿದೆ. ಮೊದಲ ಸಲ ಹಾಕಿದಾಗ ಅಮ್ಮನ ಹೆಸರು ಇರಲಿಲ್ಲ. ನಿನಗೆ ಬಾಯಿಗೆ ಬಂದದ್ದು ಬೈದು, ಮತ್ತೆ ಹಿಂದಕ್ಕೆ ತಂದು ಹಾಕಿದೆ. ಎರಡನೇ ಸಲ “ರೊಸಾಲಿಯಾ” ಇತ್ತು. ನನ್ನದೇ ದನಿ, ಸ್ಪಷ್ಟವಾಗಿ. ಅದೇ ಫೈಲು, ಅದೇ ಕುರ್ಚಿ, ಅದೇ ಕಿವಿ. ಒಮ್ಮೆ ಇದ್ದು ಒಮ್ಮೆ ಇಲ್ಲದಿರುವುದಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ ನಿನಗೆ ಗೊತ್ತು. ಅದರೊಳಗೆ ಏನು ಮಾಡಿಟ್ಟು ಹೋಗಿದ್ದೀಯ?

ಇಲ್ಲಿ ಮಳೆ ಹಿಡಿದಿದೆ. ಸುತ್ತಲಿನ ಮನೆಯವರೆಲ್ಲ ಬಿತ್ತಿಯಾಯಿತು. ನಮ್ಮ ಹೊಲ ಬೋಳಾಗಿದೆ. ಅಮ್ಮ ಬೀಜದ ಬುಟ್ಟಿ ಮುಟ್ಟುತ್ತಿಲ್ಲ. “ಯಾರ ಹೆಸ್ರು ಮೊದ್ಲು ಬಂತೋ ಅವ್ಳೇ ಬಿತ್ಲಿ. ನಾನ್ಯಾರು ಇಲ್ಲಿ? ದಾರಿಹೋಕಳು” ಎಂದು ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಾಳೆ. ಹಿರಿಯ ಹೆಂಡತಿ ಮೊದಲ ಬೀಜ ಹಾಕದೆ ಮನೆಯಲ್ಲಿ ಇನ್ಯಾರೂ ಬಿತ್ತುವಂತಿಲ್ಲ. ನಿನ್ನಮ್ಮ ದಿನಾ ಗುದ್ದಲಿ ಹಿಡಿದು ಬಂದು, ಅಮ್ಮನ ಮುಖ ನೋಡಿ, ಹಿಂದಕ್ಕೆ ಹೋಗುತ್ತಾಳೆ. ನೋಡಲು ಪಾಪ ಅನ್ನಿಸುತ್ತದೆ. ಪಾಪ ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅಪೊಂಡಿ


ನಕುರು
26 ಮಾರ್ಚ್

ಅಕ್ಕ,

ಚಿಕ್ಕಮ್ಮ ಎನ್ನುತ್ತಿದ್ದವಳು “ನಿನ್ನಮ್ಮ” ಎಂದು ಬರೆದಿದ್ದೀಯ. ಇರಲಿ, ನೋಡಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಮಾಟವೂ ಇಲ್ಲ ಮಣ್ಣೂ ಇಲ್ಲ. ಕಂಪ್ಯೂಟರ್ ದನಿಯನ್ನು ಒಟ್ಟಿಗೆ ಸುರಿಯುವುದಿಲ್ಲ. ಬಿಂದಿಗೆಯಲ್ಲಿ ತುಂಬಿ ತುಂಬಿ, ದನಿ ಹೊರಡಿಸುವ ಸೌಂಡ್ ಕಾರ್ಡಿಗೆ ಹೊತ್ತು ಕೊಡುತ್ತದೆ. ಬಿಂದಿಗೆ ಚಿಕ್ಕದಿದ್ದು, ಹೊರುವವನು ದಾರಿಯಲ್ಲಿ ಎಡವಿದರೆ, ಅಲ್ಲಿ ನೀರು ಖಾಲಿ. ನಮ್ಮ ಕಿವಿಗೆ ಅದೇ ಒಂದು ಕಡಿತ. ಮೊದಲ ಸಲ ಫೈಲನ್ನು ಹುಡುಕಿ ತೆರೆಯುವಾಗ ಎಡವಿರಬೇಕು, ಎರಡನೇ ಸಲ ದಾರಿ ಗೊತ್ತಿತ್ತು. ಬಿಂದಿಗೆ ದೊಡ್ಡದು ಮಾಡುವುದು ಹೇಗೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅಕ್ಷರಕ್ಕೆ ಅಕ್ಷರ ನೋಡಿ ಟೈಪ್ ಮಾಡು. ನಿನ್ನ ಅವಸರ ನನಗೆ ಗೊತ್ತು, ಒಂದು ಚುಕ್ಕೆ ಬಿಟ್ಟರೂ ಅದು ಕೇಳುವುದಿಲ್ಲ.

ದೊಡ್ಡಮ್ಮನಿಗೆ ಹೇಳು: ಒಬುರಾ ಕೈಮುಗಿದು ಕೇಳಿದ್ದಾನೆ, ಬೀಜ ಹಾಕಬೇಕಂತೆ ಎಂದು. ಮಳೆ ಯಾರ ಜಗಳ ಮುಗಿಯಲೆಂದೂ ಕಾಯುವುದಿಲ್ಲ.

ನಿನ್ನ ತಮ್ಮ,
ಒಬುರಾ


ಕಗೋಲಾ ದಡ
30 ಏಪ್ರಿಲ್

ಒಬುರಾ,

ಬಿಂದಿಗೆ ದೊಡ್ಡದು ಮಾಡಿದೆ. ಹಾಡುಗಳ ನಡುವೆ ಆಗಾಗ ಚಿಟಿಚಿಟಿ ಎಂದು ಕಡಿಯುತ್ತಿದ್ದದ್ದು ನಿಂತಿತು. ಸಾವಿನ ಸುದ್ದಿಯದು ಮಾತ್ರ ನಿಂತಿಲ್ಲ. ದಿನವೂ ಮೊದಲ ಹೆಸರು ಹೋಗುತ್ತಿದೆ. ಹವಾಮಾನ ಸರಿ, ಮೀನಿನ ಪೇಟೆ ಸರಿ, ಪಾದ್ರಿಯ ಪ್ರಾರ್ಥನೆ ಸರಿ. ಸತ್ತವರ ಮನೆಯ ಹಿರಿಯ ತಲೆಯ ಹೆಸರು ಮಾತ್ರ ನುಂಗಿಹೋಗುತ್ತದೆ. ಮೊನ್ನೆ ಬೆಸ್ತನೊಬ್ಬ ಹುಟ್ಟು ಹಿಡಿದುಕೊಂಡೇ ಕೇಂದ್ರದೊಳಗೆ ನುಗ್ಗಿದ. “ನಮ್ ದೊಡ್ಡಣ್ಣನ್ ಹೆಸ್ರು ನುಂಗಿದ್ರಲ್ಲ, ಕಕ್ಕಿ ಅದನ್ನ! ಕಕ್ಕೋವರ್ಗೂ ನಾನಿಲ್ಲಿಂದ ಹೋಗಲ್ಲ” ಎಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಮ್ಯಾನೇಜರ್ ನನ್ನನ್ನು ಕರೆದು, ಇನ್ನೊಂದು ತಿಂಗಳೊಳಗೆ ಸರಿಹೋಗದಿದ್ದರೆ ಸಾವಿನ ಸುದ್ದಿಗೆ ಬೇರೆಯವರನ್ನು ಹಾಕುತ್ತೇನೆ ಎಂದಿದ್ದಾರೆ. ಶಾಪ ತಟ್ಟಿದ್ದು ಯಂತ್ರಕ್ಕಲ್ಲ, ಓದುವ ನನಗೇ ಎಂದು ಊರವರು ಮಾತಾಡುತ್ತಿದ್ದಾರೆ.

ಇನ್ನೊಂದು ಸುದ್ದಿ. ನಿನ್ನಮ್ಮ ಬಿತ್ತಿದಳು. ಅಮ್ಮ ಒಂದು ಕಾಳೂ ಹಾಕುವ ಮುಂಚೆ. ಒಚೊಲಾ ಚಿಕ್ಕಪ್ಪ ಬೇಲಿಯ ಆಚೆ ನಿಂತು, “ಹಾಕು ಪೆರಿಸ್, ಹಾಕು, ರೇಡಿಯೋ ಹೇಳಿದ್ದನ್ನ ನೀನ್ಯಾಕೆ ಇಲ್ಲ ಅಂತೀಯ?” ಎಂದು ಕುಮ್ಮಕ್ಕು ಕೊಟ್ಟನಂತೆ. ಅಮ್ಮ ಹೋಗಿ ಸಾಲಿನ ಕೊನೆಯಲ್ಲಿ ನಿಂತು ನೋಡಿದಳು. ಬೈಯಲಿಲ್ಲ. “ನಲವತ್ ವರ್ಷದಾಗೆ ಒಂದ್ ದಿನ ನನ್ನ ದಾಟಿ ನಡೀಲಿಲ್ಲ ಇವ್ಳು. ಈಗ ಗೊತ್ತಾಯ್ತು, ಹೆಸ್ರು ಹೆಂಗ್ ಹೋಯ್ತು ಅಂತ” ಎಂದಳು. ಆ ಸಂಜೆ ನಾನೇ ನಿನ್ನಮ್ಮನ ಬಾಗಿಲಿಗೆ ಹೋಗಿ, ಮಗನ ಹತ್ತಿರ ಹೋಗಿಬಿಡು ಎಂದೆ. ಬಸ್ಸು ಹತ್ತಿಸಿದವಳೂ ನಾನೇ.

ಅಪೊಂಡಿ


ನಕುರು
8 ಮೇ

ಅಪೊಂಡಿ,

ಅಮ್ಮ ಬಂದು ತಲುಪಿದಳು. ಒಂದು ಚೀಲ, ಒಂದು ಮೊರ. ಅಷ್ಟು ವರ್ಷ ಬಾಳಿದ ಮನೆಯಿಂದ ತಂದದ್ದು ಇಷ್ಟೇ. ಯಾಕಮ್ಮ ಬಿತ್ತಿದೆ ಎಂದು ಕೇಳಿದೆ. “ಮಳೆ ಹೋಗ್ತಾ ಇತ್ತು ಕಣೋ. ಅಕ್ಕನೂ ತಿನ್ಬೇಕಲ್ಲ, ಅವ್ಳ ಪಾಲಿನ್ ಸಾಲೂ ನಾನೇ ಹಾಕ್ದೆ. ಅದನ್ನ ಯಾರೂ ನೋಡ್ಲಿಲ್ಲ” ಎಂದಳು. ನೀನು ನೋಡಿದೆಯಾ? ನೋಡಿಯೂ ಬರೆಯಲಿಲ್ಲವೇ?

ನಿನಗೆ ಬೈದು ನಾಲ್ಕು ಹಾಳೆ ಬರೆದು ಹರಿದು ಹಾಕಿದೆ. ಬೈಗುಳದಿಂದ ಯಂತ್ರ ಸರಿಹೋಗುವುದಿಲ್ಲ, ಯಂತ್ರ ಸರಿಹೋಗದೆ ನಮ್ಮ ಮನೆ ಸರಿಹೋಗುವುದಿಲ್ಲ. ಹಾಗಾಗಿ ಕೇಳುತ್ತೇನೆ. ಸಾವಿನ ಸುದ್ದಿ ಮಾತ್ರ ಕಡಿಯುತ್ತದೆ, ಅದರಲ್ಲೂ ಮೊದಲ ಹೆಸರು ಮಾತ್ರ. ಹಿಂದಕ್ಕೆ ತಂದು ತಕ್ಷಣ ಹಾಕಿದರೆ ಕಡಿಯುವುದಿಲ್ಲ. ಅಂದರೆ ಬಿಂದಿಗೆಯ ತಪ್ಪಲ್ಲ, ನಾನೇ ಅಂದಾಜು ತಪ್ಪಿದ್ದೆ. ಡೋಲು ನಿಂತ ಮೇಲೆ, ಹೆಸರು ಶುರುವಾಗುವ ಮುಂಚೆ, ನೀವು ಅಲ್ಲಿ ಏನು ಮಾಡುತ್ತೀರಿ? ಬೇರೆ ಯಾವ ಕಾರ್ಯಕ್ರಮದಲ್ಲೂ ಮಾಡದ್ದು ಏನಾದರೂ ಇದೆಯೇ?

ಒಬುರಾ


ಕಗೋಲಾ ದಡ
21 ಮೇ

ಒಬುರಾ,

ಏನೂ ಮಾಡುವುದಿಲ್ಲ. ಅದೇ ಮಾಡುವುದು.

ನಿನಗೆ ನೆನಪಿರಬೇಕು, ಅಥವಾ ನೀನಾಗ ನಕುರು ಸೇರಿದ್ದೆಯೋ ಏನೋ. ಕೇಂದ್ರ ಶುರುವಾದಾಗ ಹಿರಿಯರ ಸಭೆಯಲ್ಲಿ ಅಪ್ಪ ಹಟ ಹಿಡಿದು ಮಾಡಿಸಿದ ನಿಯಮ ಅದು. “ಸಾವು ಬರ್ತಾ ಐತೆ ಅಂತ ಡೋಲು ಹೇಳ್ತದೆ. ಆಮೇಲೆ ಸುಮ್ನಿರಿ. ಕೇಳೋನ್ ಕೈಲಿ ಗುದ್ಲಿ ಇರ್ತದೆ, ಬಲೆ ಇರ್ತದೆ, ಮಡಕೆ ಇರ್ತದೆ. ಕೈಲಿದ್ದದ್ದನ್ನ ಕೆಳಗಿಡೋಷ್ಟು ಹೊತ್ತು ಕೊಡಿ. ಸಾವನ್ನ ಬರೀ ಕೈಲಿ ಕೇಳ್ಬೇಕು.” ಅವತ್ತಿನಿಂದ ಡೋಲು ನಿಂತ ಮೇಲೆ ನಾವು ಏನನ್ನೂ ಹಾಕುವುದಿಲ್ಲ. ಸಣ್ಣ ದನಿಯನ್ನೂ ಇಲ್ಲ. ನಾನು ಮನಸ್ಸಿನಲ್ಲೇ ಒಂದು ಗುದ್ದಲಿಯನ್ನು ನಿಧಾನವಾಗಿ ನೆಲಕ್ಕಿಡುತ್ತೇನೆ, ಆಮೇಲೆ ಗುಂಡಿ ಒತ್ತುತ್ತೇನೆ.

ಸಾಲುಗಳನ್ನು ನೋಡಿದ್ದೆ. ಅಮ್ಮನ ಪಾಲಿನಲ್ಲೂ ಜೋಳ ಮೊಳಕೆ ಬಂದಿದೆ. ಅಮ್ಮ ಅತ್ತ ಹೋಗುವುದಿಲ್ಲ.

ಅಪೊಂಡಿ


ನಕುರು
29 ಮೇ

ಅಕ್ಕ,

ನಿನ್ನ ಕಾಗದ ಓದಿ ಅಂಗಡಿಯಲ್ಲಿ ಗಟ್ಟಿಯಾಗಿ ನಕ್ಕೆ. ಗಿರಾಕಿಗಳು ತಿರುಗಿ ನೋಡಿದರು. ಆಮೇಲೆ ಒಳಗೆ ಹೋಗಿ ಅತ್ತೆ.

ಸಿಕ್ಕಿತು. ಸೌಂಡ್ ಕಾರ್ಡ್ ಮಲಗುತ್ತದೆ. ಕೆಲಸವಿಲ್ಲದಿದ್ದರೆ ಕರೆಂಟು ಉಳಿಸಲೆಂದು ಕೆಲವೇ ಕ್ಷಣಗಳಲ್ಲಿ ಕಣ್ಣು ಮುಚ್ಚುವುದು ಈ ಹೊಸ ಲಿನಕ್ಸಿನ ಅಭ್ಯಾಸ. ಹಳೆಯ ಕಂಪ್ಯೂಟರಿಗೆ ಆ ಚಾಳಿ ಇರಲಿಲ್ಲ. ಹಾಡಿನ ಹಿಂದೆ ಹಾಡು ಬರುವಾಗ ಮಲಗಲು ಬಿಡುವೇ ಸಿಗುವುದಿಲ್ಲ. ಸಾವಿನ ಸುದ್ದಿಗೆ ಮಾತ್ರ ಡೋಲು ನಿಂತು, ಎಲ್ಲ ಸುಮ್ಮನಾಗಿ, ಅದಕ್ಕೆ ನಿದ್ದೆ ಹತ್ತುತ್ತದೆ. ನೀನು ಗುಂಡಿ ಒತ್ತಿದಾಗ ಗಡಬಡಿಸಿ ಏಳುತ್ತದೆ. ಅದು ಏಳುವಷ್ಟರಲ್ಲಿ ಮೊದಲ ಹೆಸರು ದಾಟಿ ಹೋಗಿರುತ್ತದೆ. ಎದ್ದಿರುವಾಗಲೇ ಹಿಂದಕ್ಕೆ ತಂದು ಹಾಕಿದೆಯಲ್ಲ, ಅದಕ್ಕೇ ಎರಡನೇ ಸಲ ಹೆಸರು ಕೇಳಿತು.

ಅಕ್ಕ, ದೊಡ್ಡಮ್ಮನ ಹೆಸರು ತಿಂದದ್ದು ಅಪ್ಪನ ಮೌನ. ಹೊಸ ಯಂತ್ರದಲ್ಲಿ ಹೋದ ಮೊದಲ ಸಾವು ಅಪ್ಪನದೇ. ನಾನು ಕತ್ತರಿಸಲಿಲ್ಲ, ನನ್ನಮ್ಮ ಹೇಳಿಕೊಡಲಿಲ್ಲ. ತಂದು ಕೂರಿಸುವ ಮುಂಚೆ ನಾನು ನೋಡಬೇಕಿತ್ತು, ಅದು ನಿಜ. ಆದರೆ ನಕುರುವಿನಲ್ಲಿ ರೇಡಿಯೋಗಳು ಸುಮ್ಮನಿರುವುದನ್ನೇ ನಾನು ಕಂಡಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಒಂದು ಸಾಲು ಟೈಪ್ ಮಾಡಿದರೆ ಹೋಗುತ್ತದೆ. ಜೊತೆಗಿರುವ ಹಾಳೆಯಲ್ಲಿ ಬರೆದಿದ್ದೇನೆ. ಎಷ್ಟು ಹೊತ್ತಿಗೆ ಮಲಗಬೇಕು ಎಂಬ ಸಂಖ್ಯೆ ಇದೆ, ಅದನ್ನು ಸೊನ್ನೆ ಮಾಡು. ಸೊನ್ನೆ ಎಂದರೆ ಎಂದೂ ಮಲಗಬೇಡ ಎಂದು.

ದೊಡ್ಡಮ್ಮನ ಪಕ್ಕ ಕೂತು, ಬೇಕಾದರೆ ಇದನ್ನೇ ಓದಿ ಹೇಳು. ಆಮೇಲೆ ನನಗೆ ಒಂದು ಮಾತು ಬರೆ. ನಂಬಿದ್ದೇನೆ ಎಂದು. ಅಷ್ಟು ಸಾಕು.

ನಿನ್ನ ತಮ್ಮ,
ದೊಡ್ಡಮ್ಮನ ಬೆನ್ನು ಒದ್ದೆ ಮಾಡಿದವನು,
ಒಬುರಾ


ಕಗೋಲಾ ದಡ
17 ಜೂನ್

ಒಬುರಾ,

ಸೊನ್ನೆ ಮಾಡಿದೆ. ಕಡಿತ ನಿಂತಿದೆ. ಮೌನ ಮುಗಿದ ಕೂಡಲೇ ಹೆಸರು ಮೊದಲಕ್ಷರದಿಂದ ಬರುತ್ತದೆ. ಹುಟ್ಟು ಹಿಡಿದು ಬಂದ ಬೆಸ್ತ ನಿನ್ನೆ ಒಂದು ಬುಟ್ಟಿ ಮೀನು ತಂದುಕೊಟ್ಟ. ಮ್ಯಾನೇಜರ್ ಸುಮ್ಮನಾಗಿದ್ದಾರೆ.

ಅಮ್ಮನಿಗೆ ಓದಿ ಹೇಳಿದೆ. ನಿನ್ನ ಕಾಗದವನ್ನು ಹಾಗೇ ಓದಿದೆ, ಬೆನ್ನು ಒದ್ದೆ ಮಾಡಿದವನು ಎಂಬಲ್ಲಿಯವರೆಗೂ. ಅಲ್ಲಿ ಅವಳ ತುಟಿ ಸ್ವಲ್ಪ ಅಲುಗಿತು, ನಕ್ಕುಬಿಡುತ್ತಾಳೆ ಎಂದುಕೊಂಡೆ. ಆಮೇಲೆ ಹೇಳಿದಳು, “ಮಿಷನ್ನು ನಿದ್ದೆ ಮಾಡ್ತಂತೆ! ಆಗ್ಲಿ, ಒಪ್ದೆ. ಪೆರಿಸ್ ಬಿತ್ತಿದ್ದೂ ನಿದ್ದೆಗಣ್ಣಲ್ಲೇನು?” ಅವಳ ಪಾಲಿನ ಸಾಲನ್ನೂ ಚಿಕ್ಕಮ್ಮನೇ ಹಾಕಿದ್ದು ಎಂದೆ. “ಹಾಕ್ತಾಳೆ. ಸತ್ತೋಳ ಪಾಲು ಅಂತ ಹಾಕಿರ್ತಾಳೆ” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ನೀನು ಒಂದು ಮಾತು ಕೇಳಿದ್ದೀಯ. ಬರೆಯುತ್ತೇನೆ. ನಿನ್ನ ಮೇಲಿನ ಅನುಮಾನ ತೀರಿತು. ಸಿಟ್ಟು ತೀರಲಿಲ್ಲ. ಅವೆರಡೂ ಬೇರೆ ಬೇರೆ ಎಂದು ಇಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

ಅಪೊಂಡಿ


ನಕುರು
2 ಸೆಪ್ಟೆಂಬರ್

ಪ್ರೀತಿಯ ಅಕ್ಕ,

ಜೂನಿನಿಂದ ಮೂರು ಕಾಗದ ಬರೆದೆ, ಉತ್ತರವಿಲ್ಲ. ಬಸ್ಸಿನ ಡ್ರೈವರ್ ಹೇಳಿದ, ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾರಂತೆ, ಗಂಜಿ ಕೂಡ ಇಳಿಯುತ್ತಿಲ್ಲವಂತೆ. ನಿಜವೇ?

ಇಲ್ಲಿ ಅಮ್ಮ ಆಗಲೇ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಾಳೆ. “ಅಕ್ಕ ಹೋಗೋಕ್ ಮುಂಚೆ ಒಂದ್ಸಲ ಜಗಳಾಡಿ ಮುಗಿಸ್ಬಿಡ್ಬೇಕು ಕಣೋ. ಬಾಕಿ ಇಟ್ಕೊಂಡ್ ಹೋದ್ರೆ ಅಲ್ಲಿ ಆ ಮುದುಕನ್ ಮುಂದೆ ಚಾಡಿ ಹೇಳ್ತಾಳೆ” ಎನ್ನುತ್ತಾಳೆ. ಹೇಳಿ ನಗುತ್ತಾಳೆ, ನಕ್ಕು ಮೂಗು ಒರೆಸಿಕೊಳ್ಳುತ್ತಾಳೆ. ನಾವು ಹಾಗೇ ಹೊರಟು ಬಂದುಬಿಡಬಹುದು. ಆದರೆ ಕರೆಯದೆ ಬಂದವರನ್ನು ಒಚೊಲಾ ಚಿಕ್ಕಪ್ಪ ಗೇಟಿನಲ್ಲೇ ನಿಲ್ಲಿಸುತ್ತಾನೆ, ದೊಡ್ಡಮ್ಮನ ಕಿವಿಗೆ ಬೀಳುವಂತೆ ಅಲ್ಲಿ ರಂಪವಾಗುವುದು ನಮಗೆ ಬೇಡ. ನೀನು ಬನ್ನಿ ಎಂದರೆ ಸಾಕು, ಮರುದಿನದ ಬಸ್ಸಿಗೇ ಹೊರಡುತ್ತೇವೆ.

ನಿನ್ನ ತಮ್ಮ,
ಒಬುರಾ


ಕಗೋಲಾ ದಡ
11 ಸೆಪ್ಟೆಂಬರ್

ಒಬುರಾ,

ಈಗ ಬರಬೇಡಿ. ನಿಮ್ಮ ಹೆಸರೆತ್ತಿದರೆ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಬರುವ ಹೊತ್ತು ಬಂದಾಗ ರೇಡಿಯೋದಲ್ಲಿ ಹೆಸರು ಹಿಡಿದು ಕರೆಯುತ್ತೇನೆ. ಕಂಪ್ಯೂಟರ್ ಈಗ ಸರಿಯಾಗಿದೆ.

ಅಪೊಂಡಿ


ನಕುರು
14 ಅಕ್ಟೋಬರ್

ಅಪೊಂಡಿ,

ದೊಡ್ಡಮ್ಮನ ಸುದ್ದಿ ಕೇಳಿದೆವು. ನಿಮ್ಮ ಕೇಂದ್ರ ಇಲ್ಲಿ ಫೋನಿನಲ್ಲಿ ಬರುತ್ತದೆ. ನಿನ್ನ ಕಾಗದ ಬಂದಂದಿನಿಂದ ನಾನು ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತಿದ್ದೆ, ಫೋನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಇಟ್ಟುಕೊಂಡು ಇಬ್ಬರೂ ಕಾಯುತ್ತಿದ್ದೆವು. ಅಂದು ಅಮ್ಮ ಅವರೆಕಾಳು ಕೇರುತ್ತಿದ್ದಳು. ಡೋಲು ಬಡಿಯಿತು, ನಿಂತಿತು. ಅಪ್ಪನ ಮೌನ ಶುರುವಾಯಿತು. ಅಮ್ಮ ಮೊರವನ್ನು ಕೆಳಗಿಟ್ಟಳು.

ಆಮೇಲೆ ನಿನ್ನ ದನಿ. ಎಷ್ಟು ಚೆನ್ನಾಗಿ ಓದಿದೆ. ಒಮ್ಮೆಯೂ ತಡವರಿಸಲಿಲ್ಲ. ಒಚೊಲಾ ಎಂಬ ಮೊದಲ ಹೆಸರು ಇಡಿಯಾಗಿ ಬಂತು. ದೊಡ್ಡಮ್ಮನ ಹೆಸರು, ಅವರ ತವರು, ತಮ್ಮಂದಿರು, ಮಗಳು ಅಪೊಂಡಿ, ಚರ್ಚಿನ ಹೆಂಗಸರ ಸಂಘ, ಆಸ್ಪತ್ರೆಯಿಂದ ಹೆಣ ತರಲು ದೋಣಿ ಕೊಟ್ಟ ಮನೆಯವರು. ದೋಣಿಯವರು ಕೂಡ ಬಂದರು, ಅಪೊಂಡಿ. ನಾನು ಫೋನನ್ನು ಎತ್ತಿ ಕಿವಿಗೆ ಒತ್ತಿಕೊಂಡೆ. ಎಲ್ಲಾದರೂ ಒಂದು ಕಡಿತ, ಅರೆಗಳಿಗೆಯ ಒಂದು ತೂತು ಇರಲಿ ಎಂದು ಬೇಡಿಕೊಂಡೆ. ಇದ್ದಿದ್ದರೆ, ನನ್ನ ಹೆಸರು ಅಲ್ಲಿತ್ತು, ಅಮ್ಮನ ಹೆಸರು ಅಲ್ಲಿತ್ತು, ಯಂತ್ರ ನುಂಗಿತು ಎಂದು ಬಸ್ಸು ಹತ್ತಿಬಿಡುತ್ತಿದ್ದೆ. ಇರಲಿಲ್ಲ. ನೆಟ್‌ವರ್ಕ್ ಕೂಡ ಅಂದು ಕೈ ಕೊಡಲಿಲ್ಲ. ನಾನೇ ಸರಿಮಾಡಿಕೊಟ್ಟ ಯಂತ್ರ, ಎಲ್ಲಿ ಕಡಿಯುತ್ತದೆ?

ದೊಡ್ಡಮ್ಮ ಬೇಡವೆಂದಿದ್ದರೋ, ನೀನೇ ಬಿಟ್ಟೆಯೋ, ಕೇಳುವುದಿಲ್ಲ. ಓದಿದ ದನಿ ನಿನ್ನದು.

ಮುಗಿದ ಮೇಲೂ ಅಮ್ಮ ಸ್ವಲ್ಪ ಹೊತ್ತು ಕೈ ಖಾಲಿ ಇಟ್ಟುಕೊಂಡೇ ಕೂತಿದ್ದಳು.

“ಮಿಷನ್ನು ಮತ್ತೆ ನಿದ್ದೆ ಹೋಯ್ತೇನೋ ಮಗಾ?”

“ಇಲ್ಲಮ್ಮ. ಎಚ್ಚರಾನೇ ಇತ್ತು.”

ಅವಳು ಬಾಗಿಲ ಹಿಂದಿನ ಚೀಲ ಬಿಚ್ಚಿ, ಬಟ್ಟೆಗಳನ್ನು ಮೊಳೆಗೆ ತೂಗುಹಾಕಿದಳು. ಆಮೇಲೆ ಮೊರ ಎತ್ತಿಕೊಂಡು ಉಳಿದ ಕಾಳು ಕೇರಿದಳು.

ಪೆರಿಸಳ ಮಗ,
ಒಬುರಾ